‘ಪ್ರೂವ್ ಆಗಿದೆ’ ಅನ್ನುವ ಸ್ಲೈಡ್ ಹಾಕುವ ಮೊದಲು

ಫಾರ್ಮಲ್ ಮೆಥಡ್ಸ್‌ನಲ್ಲಿ (ಪ್ರೋಗ್ರಾಂ, ಯಂತ್ರಗಳು ಸರಿಯಿವೆ ಎಂದು ಗಣಿತದಿಂದ ಸಾಧಿಸುವ ವಿದ್ಯೆ) ಪಿಎಚ್‌ಡಿ ಮಾಡುತ್ತಿರುವವರು ಬೆಂಗಳೂರಿನ ಸೆಮಿನಾರ್ ಹಾಲ್‌ಗಳಲ್ಲಿ ಅರ್ಧ ದಾರಿಯ ಕೆಲಸ ಮಂಡಿಸುವಾಗ ಪ್ರಶ್ನೆಗಳು ಮುತ್ತಿಕೊಳ್ಳುವುದು ಹೆಚ್ಚಾಗಿ ಒಂದೇ ಸ್ಲೈಡನ್ನು: ‘ಈ ಪ್ರಾಪರ್ಟಿ ಪ್ರೂವ್ ಆಗಿದೆ’. (ಪ್ರಾಪರ್ಟಿ ಅಂದರೆ ವ್ಯವಸ್ಥೆ ಪಾಲಿಸಲೇಬೇಕಾದ ನಿಯಮ.) ಕೆಲಸ ಇನ್ನೂ ಮುಗಿದಿಲ್ಲ ಅಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಏನನ್ನು ನಂಬಿಕೊಂಡು, ಎಲ್ಲಿಯವರೆಗೆ ಪ್ರೂವ್ ಆಗಿದೆ ಎಂದು ಹೇಳದಿದ್ದರೆ ಮಾತ್ರ ಬಿಡುವುದಿಲ್ಲ.

ಟ್ರಾಫಿಕ್ ಸಿಗ್ನಲ್ಲನ್ನೇ ತಗೊಳ್ಳಿ. ‘ಎರಡು ಅಡ್ಡ ರಸ್ತೆಗಳಿಗೆ ಒಟ್ಟಿಗೆ ಹಸಿರು ಬೀಳಬಾರದು’ ಎಂದು ಬರೆದು ಮಾಡೆಲ್ ಚೆಕರ್‌ಗೆ (ಮಾಡೆಲ್‌ನ ಎಲ್ಲ ಸ್ಥಿತಿಗಳನ್ನೂ ತಡಕಿ ನೋಡುವ ಟೂಲ್) ಕೊಟ್ಟರೆ, ಎಲ್ಲ ಕಡೆ ಸದಾ ಕೆಂಪಿರುವ ಸಿಗ್ನಲ್ ಕೂಡ ಪಾಸಾಗುತ್ತದೆ. (ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ನಿಂತವರಿಗೆ ಬಿಡಿಸಿ ಹೇಳಬೇಕಿಲ್ಲ.) ಅದಕ್ಕೇ ಎರಡನೇ ಪ್ರಾಪರ್ಟಿ ಸೇರಿಸುತ್ತೇವೆ: ‘ಪಾದಚಾರಿ ಬಟನ್ ಒತ್ತಿದರೆ ಯಾವತ್ತಾದರೂ ದಾಟಲು ಸಿಗ್ನಲ್ ಸಿಗಬೇಕು’. ಇದೂ ಮೋಸ ಮಾಡಬಲ್ಲದು. ಮಾಡೆಲ್‌ನಲ್ಲಿ ಒಂದು ಷರತ್ತು ತಪ್ಪಾಗಿ ಬಿದ್ದು ಬಟನ್ ಒತ್ತುವ ಸ್ಥಿತಿಯೇ ಬಾರದಿದ್ದರೆ ಪ್ರಾಪರ್ಟಿ ಪುಕ್ಕಟೆಯಾಗಿ ನಿಜವಾಗುತ್ತದೆ. ಪತ್ತೆ ಹಚ್ಚುವುದು ಸುಲಭ: ‘ಬಟನ್ ಎಂದೂ ಒತ್ತಲಾಗುವುದಿಲ್ಲ’ ಎಂಬುದನ್ನೇ ಪರೀಕ್ಷೆಗೆ ಹಾಕಿ. ಟೂಲ್ ಕೌಂಟರ್‌ಎಕ್ಸಾಂಪಲ್, ಅಂದರೆ ಆ ಮಾತು ಸುಳ್ಳೆಂದು ತೋರಿಸುವ ಉದಾಹರಣೆ, ಕೊಡಬೇಕು. ‘ಸರಿ’ ಅಂದಿತೆಂದರೆ ಮಾಡೆಲ್ ಕೆಟ್ಟಿದೆ. ಡಿಡಕ್ಟಿವ್ ಟೂಲ್ (ಊಹೆಗಳಿಂದ ತರ್ಕದ ಮೂಲಕ ಪ್ರೂಫ್ ಕಟ್ಟುವಂಥದ್ದು) ಬಳಸುವವರು ಗುರಿಯ ಜಾಗದಲ್ಲಿ ‘0 = 1’ ಬರೆದು ಓಡಿಸಲಿ. ಅದೂ ಪ್ರೂವ್ ಆದರೆ ನಿಮ್ಮ ಊಹೆಗಳೇ ಒಂದಕ್ಕೊಂದು ಹೊಡೆದಾಡುತ್ತಿವೆ. ಈ ಹತ್ತು ನಿಮಿಷದ ಕೆಲಸವನ್ನು ಮಂಡನೆಯ ಹಿಂದಿನ ವಾರವೇ ಮಾಡಿ, ಹಿಂದಿನ ರಾತ್ರಿ ಅಲ್ಲ.

ಬೌಂಡೆಡ್ ಮಾಡೆಲ್ ಚೆಕಿಂಗ್‌ನಲ್ಲಿ (ಇಷ್ಟೇ ಹೆಜ್ಜೆ ಎಂದು ಮಿತಿ ಹಾಕಿ ಹುಡುಕುವುದು) 20 ಹೆಜ್ಜೆಯವರೆಗೆ ದೋಷ ಸಿಗದಿದ್ದರೆ ‘20 ಹೆಜ್ಜೆಯೊಳಗೆ ದೋಷವಿಲ್ಲ’ ಅನ್ನಿ, ಅಷ್ಟೇ. 21ರಿಂದ ಮುಂದಿನ ಎಲ್ಲ ಹೆಜ್ಜೆಗಳ ಬಗ್ಗೆ ಮಾತಾಡಲು ಇಂಡಕ್ಟಿವ್ ಇನ್ವೇರಿಯಂಟ್‌ನಂಥದ್ದು (ಶುರುವಿನಲ್ಲಿ ನಿಜವಾಗಿದ್ದು, ಪ್ರತಿ ಹೆಜ್ಜೆಯ ನಂತರವೂ ನಿಜವಾಗೇ ಉಳಿಯುವ ಮಾತು) ಬೇಕು.

ಊಹೆಗಳಿಗೆ ಒಂದು ಪೂರ್ತಿ ಸ್ಲೈಡ್ ಇಡಿ, ಕೊನೆಯಲ್ಲಲ್ಲ, ಥಿಯರಮ್‌ನ ಪಕ್ಕದಲ್ಲೇ. ಇದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ. 2009ರಲ್ಲಿ ಎಸ್‌ಇಎಲ್4 (seL4) ಎಂಬ ಆಪರೇಟಿಂಗ್ ಸಿಸ್ಟಂ ಕರ್ನಲ್‌ನ ಸುಮಾರು 8,700 ಸಾಲು ಸಿ ಕೋಡ್ ಸರಿ ಎಂದು ಪ್ರೂವ್ ಮಾಡಿದವರೂ ಕಂಪೈಲರ್, ಅಸೆಂಬ್ಲಿ ಕೋಡ್, ಹಾರ್ಡ್‌ವೇರ್ ಸರಿಯಿವೆ ಎಂದು ನಂಬಿದ್ದೇವೆ ಅಂತ ಮುಚ್ಚುಮರೆಯಿಲ್ಲದೆ ಬರೆದರು. ಲೀನ್‌ನಲ್ಲಿ (ಪ್ರೂಫ್ ಬರೆದು ಪರೀಕ್ಷಿಸುವ ಟೂಲ್) ಕೆಲಸ ಮಾಡುವವರು ಇನ್ನೂ ಎಷ್ಟು ಕಡೆ ‘ಸಾರಿ’ (sorry, ಪ್ರೂಫ್ ಬಾಕಿಯಿರುವ ಜಾಗದ ಗುರುತು) ಉಳಿದಿದೆ ಎಂಬ ಲೆಕ್ಕವನ್ನು ಅಲ್ಲೇ ಹಾಕಲಿ. ‘ಒಟ್ಟು 14 ಲೆಮ್ಮಾ, 3ಕ್ಕೆ ಸಾರಿ’ ಅಂದರೆ ಕೇಳುವವರಿಗೆ ನಿಮ್ಮ ಕೆಲಸ ಎಲ್ಲಿ ನಿಂತಿದೆ ಎಂದು ಒಂದೇ ಸಾಲಿನಲ್ಲಿ ಗೊತ್ತಾಗುತ್ತದೆ.

ಇನ್ನು ದೋಷ ತೋರಿಸುವ ಉದಾಹರಣೆ. ಟೂಲ್ ಉಗುಳಿದ 40 ಹೆಜ್ಜೆಯ ಟ್ರೇಸನ್ನು (ದೋಷದವರೆಗಿನ ಹೆಜ್ಜೆಗಳ ಪಟ್ಟಿ) ಹಾಗೇ ಅಂಟಿಸಿದರೆ ಯಾರೂ ಓದುವುದಿಲ್ಲ. ಬದಲಾದ ವೇರಿಯಬಲ್‌ಗಳನ್ನು ಮಾತ್ರ ಉಳಿಸಿ ಮೂರು ನಾಲ್ಕು ಸಾಲಿಗೆ ಇಳಿಸಿ. ಬೈನರಿ ಸರ್ಚ್ ನೋಡಿ, ಎರಡು ತುದಿ ಕೂಡಿಸಿ ಅರ್ಧ ಮಾಡಿ ನಡುವಿನ ಜಾಗ ಹುಡುಕುತ್ತದೆ; ಚಿಹ್ನೆಯಿರುವ (signed) 32 ಬಿಟ್ ಇಂಟಿಜರ್‌ಗಳು:

ಕೆಳಗಿನ ತುದಿ 1,50,00,00,000
ಮೇಲಿನ ತುದಿ 2,00,00,00,000
ಕೂಡಿದಾಗ ಬರಬೇಕಾದ್ದು 3,50,00,00,000, ಸಿಕ್ಕಿದ್ದು −79,49,67,296
ಅರ್ಧ ಮಾಡಿದರೆ −39,74,83,648

ಅರೇಯಲ್ಲಿ ನೆಗೆಟಿವ್ ಜಾಗ ಎಲ್ಲಿಂದ ಬರಬೇಕು? ಇಂಥ 32 ಬಿಟ್‌ನಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 2,14,74,83,647, ಮೊತ್ತ ಅದನ್ನು ದಾಟಿದ ಕೂಡಲೇ ಚಿಹ್ನೆ ಮಗುಚಿತು. ಮೇಲಿನದರಿಂದ ಕೆಳಗಿನದನ್ನು ಕಳೆದು, ಅದರ ಅರ್ಧವನ್ನು ಕೆಳಗಿನದಕ್ಕೆ ಕೂಡಿಸಿದರೆ 1,75,00,00,000, ಸರಿಹೋಯಿತು. ಜಾವಾದ ಲೈಬ್ರರಿಯಲ್ಲೂ ಇದ್ದ ಈ ದೋಷವನ್ನು 2006ರಲ್ಲಿ ಆ ಕೋಡ್ ಬರೆದ ಜಾಶುವಾ ಬ್ಲಾಕ್ ಅವರೇ ವಿವರಿಸಿದ್ದರು. ಮಿತಿಯಿಲ್ಲದ ಗಣಿತದ ಇಂಟಿಜರ್ ಮೇಲೆ ಮಾಡಿದ ಪ್ರೂಫ್‌ಗೆ ಇದು ಕಾಣಿಸುವುದೇ ಇಲ್ಲ. ಊಹೆಗಳ ಸ್ಲೈಡ್‌ನಲ್ಲಿ ‘ಇಂಟಿಜರ್: ಮಿತಿಯಿಲ್ಲದ್ದು’ ಎಂದು ಬರೆದಿದ್ದರೆ ಸಭೆಯಲ್ಲಿ ಯಾರಾದರೊಬ್ಬರು ಹಿಡಿದೇ ಹಿಡಿಯುತ್ತಾರೆ.

ಸ್ಟೇಟ್ ಎಕ್ಸ್‌ಪ್ಲೋಷನ್ (ಸ್ಥಿತಿಗಳ ಸಂಖ್ಯೆ ಗುಣಿಸುತ್ತಾ ಕೈಮೀರುವುದು) ಬಗ್ಗೆ ಈ ಸಭೆಗೆ ಪಾಠ ಬೇಡ. ತಲಾ 4 ಸ್ಥಿತಿಯ 10 ಪ್ರೋಸೆಸ್ ಅಂದರೆ 10,48,576 ಸ್ಥಿತಿ ಎಂದು ಹೇಳಿ ಮುಂದೆ ಹೋಗಿ.

ಲೈವ್ ಡೆಮೋ ಬೇಡ. ಝಡ್3 (Z3) ಥರದ, ತರ್ಕದ ಪ್ರಶ್ನೆ ಬಿಡಿಸುವ ಸಾಲ್ವರ್‌ನಲ್ಲಿ ಬರೀ ಸೀಡ್ (ಯಾದೃಚ್ಛಿಕ ಆಯ್ಕೆಗಳ ಆರಂಭ ಸಂಖ್ಯೆ) ಬದಲಾದರೂ 2 ಸೆಕೆಂಡಿನ ಪ್ರಶ್ನೆ ಟೈಮ್‌ಔಟ್ ಆಗಬಹುದು, ವರ್ಷನ್ ಬದಲಾದರಂತೂ ಕೇಳಲೇಬೇಡಿ. ಮೊದಲೇ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಸಮಯದ ಗ್ರಾಫ್ ಇದ್ದರೆ ವರ್ಷನ್, ಮೆಮೊರಿ ಮಿತಿ, ಟೈಮ್‌ಔಟ್ ಮೂರನ್ನೂ ಮೂಲೆಯಲ್ಲಿ ಬರೆಯಿರಿ. ಟೈಮ್‌ಔಟ್ ಆದ ಕೇಸ್‌ಗಳನ್ನು ಬಿಟ್ಟು ಸರಾಸರಿ ತೆಗೆಯಬೇಡಿ: ಹಾಗೆ ಮಾಡಿದರೆ ಕಷ್ಟದ ಕೇಸುಗಳಲ್ಲಿ ಸೋತ ಟೂಲೇ ಎಲ್ಲಕ್ಕಿಂತ ವೇಗದ್ದಾಗಿ ಕಾಣುತ್ತದೆ.