ಕತ್ತರಿಸಿ ನೋಡಿದ ಕೋಣೆ

12 ಆಗಸ್ಟ್ 2024, ಸೋಮವಾರ

ಇವತ್ತು ಆರ್ಕಿಟೆಕ್ಚರ್ ಕಾಲೇಜಿನ ಸ್ಟುಡಿಯೋದಲ್ಲಿ ಪ್ಲಾನ್, ಅಂದರೆ ಮೇಲಿಂದ ನೋಡಿದ ನಕ್ಷೆ, ಮುಟ್ಟಲೇ ಇಲ್ಲ. ಇಡೀ ದಿನ ಸೆಕ್ಷನ್. ಕಟ್ಟಡವನ್ನು ಮೇಲಿಂದ ಕೆಳಗೆ ಸೀಳಿದರೆ ಒಳಗೆ ಏನು ಕಾಣುತ್ತದೋ ಅದನ್ನು ಬರೆಯುವುದು. ಈ ಸಲದ ಕೆಲಸ ಒಂದು ಚಿಕ್ಕ ಓದುವ ಕೋಣೆ. 6 ಮೀಟರ್ ಅಗಲ, ಅರ್ಧಕ್ಕೆ ಒಂದು ಅಟ್ಟ, ಅಟ್ಟಕ್ಕೆ ಹತ್ತಲು ಮೆಟ್ಟಿಲು. ಮೇಡಂ ಒಂದೊಂದೇ ಟೇಬಲ್ಲಿಗೆ ಬಂದು ಎಲ್ಲರಿಗೂ ಒಂದೇ ಮಾತು ಹೇಳಿದರು: "ಓದೋರು ಎಲ್ಲಿ ಕೂತಿದ್ದಾರೆ? ಮೊದಲು ಅವರನ್ನ ಬರೀರಿ. ಗೋಡೆ ಆಮೇಲೆ."

ಅನುಪಾತ, ಸ್ಕೇಲ್ (ಮನುಷ್ಯನಿಗೆ ಹೋಲಿಸಿದ ಗಾತ್ರ), ಲಯ, ಸಮತೋಲನ ಇವೆಲ್ಲ ಮೊದಲ ಸೆಮಿಸ್ಟರ್‌ನಿಂದ ನೋಟ್ಸ್‌ನಲ್ಲಿ ಇವೆ. ಆದರೆ ಅವನ್ನು ಕಲಿಯುವಾಗ ಜಾಸ್ತಿ ನೋಡಿದ್ದು ಕಟ್ಟಡಗಳ ಮುಂಭಾಗದ ಚಿತ್ರಗಳನ್ನು. ಹೊರಗೆ ನಿಂತು ಅಳೆಯುವ ವಿಷಯ ಅನ್ನಿಸುತ್ತಿತ್ತು. ಸೆಕ್ಷನ್ ಒಳಗೆ ಒಬ್ಬರನ್ನು ಕೂರಿಸಿದ ಮೇಲೆ ಆ ಮಾತುಗಳಿಗೆಲ್ಲ ಬೇರೆಯೇ ಅರ್ಥ ಬಂತು.

ಕುರ್ಚಿಯ ಎತ್ತರ ಸುಮಾರು 45 ಸೆಂಟಿಮೀಟರ್. ಮೇಜು 75. ಕೂತವರ ಕಣ್ಣು ನೆಲದಿಂದ ಸುಮಾರು 120. ಇಷ್ಟು ಬರೆದ ಕೂಡಲೇ ಕಿಟಕಿ ಎಲ್ಲಿ ಬರಬೇಕು ಅನ್ನುವುದು ಅರ್ಧ ತೀರ್ಮಾನ ಆಗಿಹೋಗುತ್ತದೆ. ಕಿಟಕಿಯ ಅಡ್ಡಪಟ್ಟಿ 120ಕ್ಕೆ ಬಂದರೆ ಕೂತವರ ಕಣ್ಣಿಗೆ ಸರಿಯಾಗಿ ಅಡ್ಡ ನಿಲ್ಲುತ್ತದೆ. ಹೊರಗಿನಿಂದ ನೋಡಿದರೆ ಅದೇ ಪಟ್ಟಿ ತುಂಬಾ ಚೆನ್ನಾಗಿ ಕಾಣಬಹುದು. ಒಳಗೆ ಕೂತವರಿಗೆ ಅದರಿಂದ ಏನು ಉಪಯೋಗ, ಅಲ್ವಾ?

ಇದನ್ನು ಯೋಚಿಸುವಾಗ ವಾಸ್ತುಶಿಲ್ಪಿ ಲೂಯಿ ಕಾನ್ ಅವರ ಎಕ್ಸೆಟರ್ ಗ್ರಂಥಾಲಯ ನೆನಪಾಯಿತು. ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿದೆ, 1970ರ ದಶಕದ ಶುರುವಿನಲ್ಲಿ ಮುಗಿದದ್ದು. ಅಲ್ಲಿ ಪುಸ್ತಕದ ಕಪಾಟುಗಳು ಒಳಗಡೆ. ಓದುವ ಜಾಗ ಹೊರಗೋಡೆಯ ಉದ್ದಕ್ಕೂ. ಪುಸ್ತಕ ತೆಗೆದುಕೊಂಡವರು ಬೆಳಕಿನ ಕಡೆ ನಡೆಯುತ್ತಾರೆ. ಕಿಟಕಿಯನ್ನು ಕಾನ್ ಎರಡು ಮಾಡಿದ್ದಾರೆ. ಮೇಲೆ ದೊಡ್ಡದು, ಅದು ಕೋಣೆಗೆಲ್ಲ ಬೆಳಕು ಕೊಡಲು. ಕೆಳಗೆ ಮೇಜಿನ ಪಕ್ಕ ಒಂದು ಪುಟ್ಟ ಕಿಟಕಿ, ಅದಕ್ಕೆ ಸರಿಸುವ ಮರದ ಬಾಗಿಲು. ಅದು ಅಲ್ಲಿ ಕೂತ ಒಬ್ಬರಿಗೇ ಸೇರಿದ್ದು. ಬೇಕಾದರೆ ತೆರೆದು ಹೊರಗೆ ನೋಡಬಹುದು, ಬೇಡವಾದರೆ ಮುಚ್ಚಿ ಓದಬಹುದು. ದೊಡ್ಡ ಕಟ್ಟಡ ಮತ್ತು ಒಬ್ಬ ಮನುಷ್ಯ, ಎರಡು ಸ್ಕೇಲ್‌ಗಳೂ ಒಂದೇ ಗೋಡೆಯಲ್ಲಿವೆ. ಸ್ಕೇಲ್ ಅಂದರೇನು ಅಂತ ಯಾರಾದರೂ ಕೇಳಿದರೆ ನಾನು ಈ ಕಿಟಕಿಯನ್ನೇ ತೋರಿಸುತ್ತೇನೆ.

ಮಧ್ಯಾಹ್ನ ಪೂರ್ತಿ ಮೆಟ್ಟಿಲಿಗೇ ಹೋಯಿತು. 17ನೇ ಶತಮಾನದಲ್ಲಿ ಫ್ರಾನ್ಸಿನ ವಾಸ್ತುಶಿಲ್ಪಿ ಫ್ರಾಂಸ್ವಾ ಬ್ಲಾಂಡೆಲ್ ಮೆಟ್ಟಿಲಿಗೂ ಮನುಷ್ಯನ ಹೆಜ್ಜೆಗೂ ಒಂದು ಲೆಕ್ಕ ಕೂಡಿಸಿದರು. ಎರಡು ರೈಸರ್ (ಒಂದು ಮೆಟ್ಟಿಲಿನ ಎತ್ತರ) ಮತ್ತು ಒಂದು ಟ್ರೆಡ್ (ಕಾಲಿಡುವ ಜಾಗ) ಸೇರಿದರೆ ಒಂದು ಹೆಜ್ಜೆಯ ಉದ್ದ ಬರಬೇಕು. ಈಗ ಇದನ್ನು ಸುಮಾರು 60ರಿಂದ 65 ಸೆಂಟಿಮೀಟರ್ ಅಂತ ಹಿಡಿಯುತ್ತಾರೆ. ಹತ್ತುವ ಎತ್ತರ ಕಡಿಮೆಯಾದರೆ ಕಾಲಿಡುವ ಜಾಗ ಉದ್ದ ಆಗಬೇಕು. ನಡಿಗೆ ಕೆಡಬಾರದು, ಅಷ್ಟೇ.

ನನ್ನ ಅಟ್ಟದ ನೆಲ 2.55 ಮೀಟರ್ ಎತ್ತರದಲ್ಲಿದೆ. 17 ಸೆಂಟಿಮೀಟರ್‌ನ ರೈಸರ್ ಇಟ್ಟರೆ 15 ಬೇಕು. 28ರ ಟ್ರೆಡ್ 14, ಅಂದರೆ ಮೆಟ್ಟಿಲಿನ ಉದ್ದ 3.92 ಮೀಟರ್. 15 ಸೆಂಟಿಮೀಟರ್ ಇಟ್ಟರೆ 17 ರೈಸರ್, 30ರ ಟ್ರೆಡ್ 16, ಉದ್ದ 4.8 ಮೀಟರ್. ಎರಡೂ ಲೆಕ್ಕಕ್ಕೆ ಸರಿ. ಮೊದಲನೆಯದರಲ್ಲಿ 88 ಸೆಂಟಿಮೀಟರ್ ಜಾಗ ಉಳಿಯುತ್ತದೆ. ಆದರೂ ನಾನು ಎರಡನೆಯದನ್ನೇ ಹಿಡಿದೆ. ಕೈತುಂಬ ಪುಸ್ತಕ ಹಿಡಿದು ಹತ್ತುವವರಿಗೆ ಮೆಟ್ಟಿಲು ಕಡಿದಾಗಿರಬಾರದು.

ಹಾಗೆ ಬರೆಯುತ್ತಿದ್ದಾಗ ಗೊತ್ತಾದದ್ದು ಇವತ್ತಿನ ದೊಡ್ಡ ಖುಷಿ. ಮೂರು ರೈಸರ್ ಸೇರಿದರೆ 45, ಕುರ್ಚಿಯ ಎತ್ತರ. ಐದು ಸೇರಿದರೆ 75, ಮೇಜು. ಎಂಟು ಸೇರಿದರೆ 120, ಕೂತವರ ಕಣ್ಣು. ಕಪಾಟಿನ ಎರಡು ಹಲಗೆಗಳ ನಡುವೆ 30 ಇಟ್ಟರೆ ಅದು ಎರಡು ರೈಸರ್. ಹಾಗಾದರೆ ಮೆಟ್ಟಿಲಿನ ಪಕ್ಕದಲ್ಲೇ ಮೂರು ಮೆಟ್ಟಿಲಿಗೊಂದು ಅಗಲವಾದ ಕಟ್ಟೆ ಮಾಡಬಹುದು. 45 ಎತ್ತರ, 90 ಆಳ. ಹತ್ತುವವರು ಹತ್ತಲಿ, ಓದುವವರು ಅಲ್ಲೇ ಕೂರಲಿ. ಕಪಾಟಿನ ಹಲಗೆಗಳ ಗೆರೆ ಮೆಟ್ಟಿಲಿನ ಗೆರೆಗೆ ಬಂದು ಕೂಡುತ್ತದೆ. ಲಯ ಅಂತ ಪ್ರತ್ಯೇಕವಾಗಿ ಏನೂ ಸೇರಿಸಬೇಕಿಲ್ಲ, ಅದು ತಾನಾಗಿಯೇ ಬಂದಿರುತ್ತದೆ.

ವಾಸ್ತುಶಿಲ್ಪಿ ಲೆ ಕಾರ್ಬ್ಯೂಸಿಯೆ 1940ರ ದಶಕದಲ್ಲಿ ಮಾಡ್ಯುಲೋರ್ ಅನ್ನೋ ಅಳತೆಯ ಕ್ರಮ ಕಟ್ಟಿದ್ದೂ ಇಂಥದ್ದೇ ಹುಡುಕಾಟದಲ್ಲಿ. 183 ಸೆಂಟಿಮೀಟರ್ ಎತ್ತರದ ಮನುಷ್ಯ, ಕೈ ಎತ್ತಿದರೆ 226. ಮನುಷ್ಯನಿಂದ ಶುರು ಮಾಡಿದ್ದು ನನಗೆ ಇಷ್ಟ. ಎಲ್ಲರ ಬದಲಿಗೆ ಒಬ್ಬ ಎತ್ತರದ ಗಂಡಸನ್ನು ನಿಲ್ಲಿಸಿದ್ದು ಇಷ್ಟವಿಲ್ಲ. ಮಕ್ಕಳಿಗೆ 120ರ ಕಣ್ಣು ಹೊಂದುವುದಿಲ್ಲ. ಗಾಲಿಕುರ್ಚಿಯಲ್ಲಿ ಬರುವವರಿಗೆ ಮೆಟ್ಟಿಲು ಉಪಯೋಗಕ್ಕೇ ಬರುವುದಿಲ್ಲ. ಅದಕ್ಕೇ ಅಟ್ಟದ ಮೇಲೆ ಇರುವ ಯಾವ ಪುಸ್ತಕವೂ ಕೆಳಗೆ ಸಿಗದಂತೆ ಆಗಬಾರದು ಅಂತ ಸೆಕ್ಷನ್ ಪಕ್ಕದಲ್ಲೇ ಬರೆದಿಟ್ಟಿದ್ದೇನೆ. ಇದೂ ಡಿಸೈನ್‌ನ ಮೂಲ ಪಾಠವೇ ಅಂತ ನಾನು ನಂಬಿದ್ದೇನೆ.

ಬೆಳಕಿನ ಲೆಕ್ಕ ಇನ್ನೂ ಬಾಕಿ. ಒಂದೇ ಕಡೆಯ ಕಿಟಕಿಯಿಂದ ಬೆಳಕು ಒಳಗೆ ಬರುವುದು ಸಾಮಾನ್ಯವಾಗಿ ಕಿಟಕಿಯ ಮೇಲಂಚಿನ ಎತ್ತರದ ಎರಡರಿಂದ ಎರಡೂವರೆ ಪಟ್ಟು ದೂರ. ಮೇಲಂಚು 2.4 ಮೀಟರ್ ಆದರೆ 4.8ರಿಂದ 6 ಮೀಟರ್. ಕೋಣೆಯ ಆ ಕೊನೆಗೆ ಮಂಕಾಗಿಯೇ ತಲುಪುತ್ತದೆ. ಅಟ್ಟ ಅದನ್ನು ಇನ್ನೂ ತಡೆಯುತ್ತದೆ. ಅಟ್ಟವನ್ನು ಕಿಟಕಿಯಿಂದ ದೂರ ಇಟ್ಟು, ಅದರ ಕೆಳಗೆ ಕಪಾಟು ಮಾತ್ರ ಇಟ್ಟರೆ? ಬಾಗಿಲೂ ಅಲ್ಲೇ ಬಂದರೆ ಒಳ್ಳೆಯದು. ತಗ್ಗು ಸೂರಿನ ಕೆಳಗೆ ಬಂದು, ಎರಡು ಹೆಜ್ಜೆ ಮುಂದಿಟ್ಟರೆ ಪೂರ್ತಿ ಎತ್ತರ ತೆರೆದುಕೊಳ್ಳುತ್ತದೆ. ಅಮೆರಿಕದ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ತಾವು ವಿನ್ಯಾಸ ಮಾಡಿದ ಮನೆಗಳಲ್ಲಿ ಇದನ್ನು ಮತ್ತೆ ಮತ್ತೆ ಮಾಡಿದ್ದಾರೆ.

ನಾಳೆ ಮಾಡೆಲ್. 1:50ರಲ್ಲಿ, ಅಂದರೆ ನಿಜವಾದ ಅಳತೆಯ ಐವತ್ತರಲ್ಲಿ ಒಂದು ಪಾಲಿನಲ್ಲಿ, 15 ಸೆಂಟಿಮೀಟರ್‌ಗೆ 3 ಮಿಲಿಮೀಟರ್. ಅಷ್ಟೇ ದಪ್ಪದ ಬೋರ್ಡ್ ನನ್ನ ಹತ್ತಿರ ಇದೆ, ಒಂದರ ಮೇಲೊಂದು ಅಂಟಿಸಿದರೆ ಮೆಟ್ಟಿಲು ಆಯಿತು. ಮೆಟ್ಟಿಲು ಕಿಟಕಿಗೆ ಎದುರಾಗಿ ಬರಬೇಕೋ ಪಕ್ಕದ ಗೋಡೆಗೋ ಅನ್ನುವುದು ಇನ್ನೂ ನಿರ್ಧಾರ ಆಗಿಲ್ಲ. ಎರಡನ್ನೂ ಅಂಟಿಸದೆ ಸುಮ್ನೆ ಇಟ್ಟು, ಟಾರ್ಚ್ ಹಿಡಿದು ನೋಡಬೇಕು.