ಕಿಲಿಮಂಜಾರೋ ಬರೀ ನಡಿಗೆಯಂತೆ, ಅಪಾಯ ಏನು?

"ಕಿಲಿಮಂಜಾರೋಗೆ ಹಗ್ಗ ಬೇಡವಂತೆ, ನಡೆದರೆ ಸಾಕಂತೆ. ಮತ್ತೆ ಅಪಾಯ ಏನು?" ಆಫ್ರಿಕಾದ ಆ ಅತಿ ಎತ್ತರದ ಪರ್ವತ ಹತ್ತಿ ಟಾಂಜಾನಿಯಾದಿಂದ ಬಂದ ಮೇಲೆ ಮದುವೆಮನೆಯ ಪಂಕ್ತಿಯಲ್ಲೂ ಕಚೇರಿಯ ಊಟದ ಹೊತ್ತಿನಲ್ಲೂ ಇದೇ ಪ್ರಶ್ನೆ. ಕೆಲವರು ಉತ್ತರಕ್ಕೂ ಕಾಯುವುದಿಲ್ಲ, ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ತಾವು ನಿಲ್ಲದೆ ಹತ್ತಿದ್ದನ್ನು ಹೇಳತೊಡಗುತ್ತಾರೆ. ಹತ್ತಿ, ಒಳ್ಳೆಯದೇ. ಆದರೆ ಆ ಬೆಟ್ಟದ ತುದಿ ಸಮುದ್ರಮಟ್ಟದಿಂದ ಸಾವಿರ ಮೀಟರಿನ ಆಸುಪಾಸಿನಲ್ಲಿದೆ. ಕಿಲಿಮಂಜಾರೋದ ಉಹುರು ಶಿಖರ 5,895 ಮೀಟರ್. ಅಲ್ಲಿ ಒಂದು ಉಸಿರಿಗೆ ದಕ್ಕುವ ಆಮ್ಲಜನಕ ಸಮುದ್ರತೀರದಲ್ಲಿ ಸಿಗುವುದರ ಸುಮಾರು ಅರ್ಧ.

ನಡೆದೇ ಹತ್ತಬಹುದು ಎನ್ನುವುದೇ ಅಪಾಯ. ಹಗ್ಗ, ಹಿಮಗೊಡಲಿ ಬೇಕಾದ ಪರ್ವತ ಸಿದ್ಧತೆಯಿಲ್ಲದವನನ್ನು ಬುಡದಲ್ಲೇ ತಡೆಯುತ್ತದೆ. ಇಲ್ಲಿ ತಡೆಯುವಂಥದ್ದು ಏನೂ ಇಲ್ಲ. ಕಾಲು ಗಟ್ಟಿಯಿದ್ದವನು ದೇಹ ಹೊಂದಿಕೊಳ್ಳುವ ಮೊದಲೇ ಮೇಲೇರಿಬಿಡುತ್ತಾನೆ. 3,000 ಮೀಟರ್ ದಾಟಿದ ಮೇಲೆ, ಮಲಗುವ ಜಾಗ ಹಿಂದಿನ ರಾತ್ರಿಗಿಂತ 500 ಮೀಟರಿಗಿಂತ ಹೆಚ್ಚು ಮೇಲಿರಬಾರದು ಎಂದು ವೈದ್ಯರು ಹೇಳುತ್ತಾರೆ. ಮರಂಗು ದಾರಿಯ ಐದು ದಿನಗಳ ಚಾರಣ ನೋಡಿ: ಮೊದಲ ರಾತ್ರಿ ಸುಮಾರು 2,700 ಮೀಟರ್, ಎರಡನೆಯದು ಹೊರೊಂಬೋ ತಂಗುದಾಣದಲ್ಲಿ, 3,700, ಮೂರನೆಯದು ಕಿಬೋ ತಂಗುದಾಣದಲ್ಲಿ, 4,700. ಅಲ್ಲೂ ಪೂರ್ತಿ ನಿದ್ದೆಯಿಲ್ಲ. ನಡುರಾತ್ರಿ ಎದ್ದು, ಕೊರೆಯುವ ಚಳಿಯಲ್ಲಿ, ಕಾಲಿಟ್ಟಲ್ಲಿ ಜಾರುವ ಸಡಿಲ ಜಲ್ಲಿಯ ಮೇಲೆ ಇನ್ನೂ 1,200 ಮೀಟರ್ ಏರಬೇಕು.

ನಮ್ಮ ತಂಡ ನಡುವೆ ಹೊರೊಂಬೋದಲ್ಲಿ ಒಂದು ದಿನ ಹೆಚ್ಚು ತಂಗಿತ್ತು. ಕಿಬೋದಲ್ಲಿ ನಮ್ಮ ಕೋಣೆಗೇ ಬಂದ ಇನ್ನೊಂದು ತಂಡ ಹಾಗೆ ನಿಂತಿರಲಿಲ್ಲ. ಅದರಲ್ಲಿ ಮ್ಯಾರಥಾನ್ ಓಡುವ ಹುಡುಗನೊಬ್ಬನಿದ್ದ, ಎಲ್ಲರಿಗಿಂತ ಮೊದಲು ಬಂದು ತಲುಪಿದ್ದವನು. ಸಂಜೆ ತಲೆನೋವೆಂದ, ವಾಂತಿ ಮಾಡಿಕೊಂಡ, ಆಮೇಲೆ ಕೇಳಿದ್ದಕ್ಕೆ ಸಂಬಂಧವಿಲ್ಲದ ಮಾತಾಡತೊಡಗಿದ. ಅವರ ಮಾರ್ಗದರ್ಶಿ ಅವನನ್ನು ಎಬ್ಬಿಸಿ, ಒಂದು ಕಾಲಿನ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗುವಂತೆ ನೇರವಾಗಿ ನಡೆಯಲು ಹೇಳಿದರು. ಕುಡಿದವನ ಹಾಗೆ ತೂರಾಡಿದ. ಮಿದುಳು ಊದಿಕೊಳ್ಳುತ್ತಿರುವ ಲಕ್ಷಣ ಅದು. ಬೆಳಗಾಗಲಿ ಎಂದು ಕಾಯುವ ಹಾಗಿಲ್ಲ. ಇಬ್ಬರು ಅವನ ರಟ್ಟೆ ಹಿಡಿದು ಕತ್ತಲಲ್ಲೇ ಹೊರೊಂಬೋಗೆ ಇಳಿಸಿದರು. ಮರುದಿನ ನಾವು ಅಲ್ಲಿಗೆ ಇಳಿದಾಗ ಅವನು ಕುಳಿತು ಚಹಾ ಕುಡಿಯುತ್ತಿದ್ದ, ನಮ್ಮ ಹೆಸರು ಕೇಳಿದ.

ಇದನ್ನೆಲ್ಲ ಹೇಳಿದರೆ ಬರುವ ಮಾತು, "ಅಯ್ಯೋ, ಅವನ ಕೈಲಿ ಹತ್ತಲು ಆಗಲಿಲ್ಲವೇ?" ನನಗೆ ಮೈ ಉರಿಯುತ್ತದೆ. ಆ ಮಾರ್ಗದರ್ಶಿ ಸರಿಯಾದ ಹೊತ್ತಿಗೆ ಒಂದು ಜೀವ ಉಳಿಸಿದರು. ಇಡೀ ಪರ್ವತದಲ್ಲಿ ನಾನು ಕಂಡ ಅತ್ಯುತ್ತಮ ಕೆಲಸ ಅದು, ತುದಿಯ ಫಲಕದ ಮುಂದೆ ನಾವು ತೆಗೆಸಿಕೊಂಡ ಫೋಟೋ ಅಲ್ಲ.

ಯಾರಾದರೂ "ಎಷ್ಟು ದಿನದಲ್ಲಿ ಹತ್ತಬೇಕು?" ಎಂದು ಕೇಳಬಾರದೇ? ಯಾರೂ ಕೇಳುವುದಿಲ್ಲ, "ಎಷ್ಟು ಖರ್ಚಾಯಿತು?" ಎನ್ನುತ್ತಾರೆ. ಎರಡೂ ಒಂದೇ ಗಂಟು. ಕಿಲಿಮಂಜಾರೋ ರಾಷ್ಟ್ರೀಯ ಉದ್ಯಾನದ ಶುಲ್ಕ ದಿನದ ಲೆಕ್ಕದಲ್ಲಿ ಬೀಳುತ್ತದೆ, ಸಾಮಾನು ಹೊರುವವರ ಕೂಲಿಯೂ ಹಾಗೆಯೇ. ಆದ್ದರಿಂದ ಅಗ್ಗದ ಚಾರಣವೆಂದರೆ ಸಾಮಾನ್ಯವಾಗಿ ಅವಸರದ ಚಾರಣ. ಡಯಾಮಾಕ್ಸ್ ಮಾತ್ರೆ ದೇಹ ಹೊಂದಿಕೊಳ್ಳಲು ನೆರವಾಗುತ್ತದೆ, ಕಡಿತಗೊಳಿಸಿದ ದಿನಗಳನ್ನು ತುಂಬಿಕೊಡುವುದಿಲ್ಲ. ಹೋಗುವವರು ಲೆಮೋಶೋ ಎಂಬ ಇನ್ನೊಂದು ದಾರಿಯನ್ನು ಎಂಟು ದಿನಕ್ಕೆ ಗೊತ್ತುಮಾಡಿಕೊಳ್ಳಿ. ಅಷ್ಟು ರಜೆ ಸಿಗದಿದ್ದರೆ, ಸಿಗುವ ವರ್ಷ ಹೋಗಿ.