ತೊರವಿ ನೀರು: ಜ್ಯಾಮ್ ಆಟ ಎಲ್ಲಿಗೆ ಬಂತು

72 ಗಂಟೆಯಲ್ಲಿ ಹೊಸ ಆಟವೊಂದನ್ನು ಕಟ್ಟಿ ಮುಗಿಸಬೇಕಾದ ಗೇಮ್ ಜ್ಯಾಮ್‌ಗಾಗಿ ವಿಜಯಪುರದಲ್ಲಿ ಕಟ್ಟುತ್ತಿರುವ, ಪಾಳಿ ಪಾಳಿಯಾಗಿ ಆಡುವ ಕಂಪ್ಯೂಟರ್ ಆಟವನ್ನು ಈಗ ಮೊದಲಿನಿಂದ ಕೊನೆತನಕ ಆಡಬಹುದು. ಕಾಲ ಆದಿಲ್‌ಶಾಹಿಗಳದು. ಪಶ್ಚಿಮದ ತೊರವಿಯಿಂದ ಸುರಂಗ, ಕೊಳವೆಗಳ ಮೂಲಕ ಊರೊಳಗಿನ ಐದು ಪೇಟೆಗಳಿಗೆ ನೀರು ಮುಟ್ಟಿಸಬೇಕು. ಒಟ್ಟು 12 ಪಾಳಿ. ಕೊನೆಯ ನಾಲ್ಕು ಪಾಳಿ ಬೇಸಿಗೆ. ಅದು ಮುಗಿಯುವ ತನಕ ನಾಲ್ಕು ಪೇಟೆ ಒಣಗದೆ ಉಳಿದರೆ ಗೆದ್ದಂತೆ.

ವಿಜಯಪುರ ಅಂದಕೂಡಲೇ ಮಲಿಕ್-ಎ-ಮೈದಾನ್ ತೋಪು ಹಾಕಿ ಅನ್ನುವವರೇ ಹೆಚ್ಚು. ಹಾಕುತ್ತಿಲ್ಲ. ತೋಪು ಬಂದರೆ ಮುತ್ತಿಗೆ ಬೇಕು, ಮುತ್ತಿಗೆಗೆ ದಂಡು ಬೇಕು, ದಂಡು ನಡೆಸಲು ಎದುರಾಳಿಯ ಬುದ್ಧಿಯನ್ನೂ ಕೋಡ್‌ನಲ್ಲಿ ಬರೆಯಬೇಕು. ಜ್ಯಾಮ್‌ನ ಅರ್ಧ ಹೊತ್ತು ಅದೇ ತಿನ್ನುತ್ತದೆ. ಈ ಆಟದಲ್ಲಿ ಬೇಸಿಗೆಯೇ ಎದುರಾಳಿ, ಅದಕ್ಕೆ ಎರಡು ಸಾಲು ಕೋಡ್ ಸಾಕು.

ಇಡೀ ಆಟ ನಿಂತಿರುವುದು ಗಂಜ್ ಮೇಲೆ. ಊರಲ್ಲಿ ಇಂದಿಗೂ ಕಾಣುವ ಆ ನೀರಿನ ಗೋಪುರಗಳನ್ನು ಕೊಳವೆಯ ಒತ್ತಡ ತಗ್ಗಲಿ, ಹೂಳು ತಳದಲ್ಲಿ ಕೂರಲಿ ಎಂದು ಕಟ್ಟಿದ್ದು. ಆಟದ ನಿಯಮವೂ ಅಲ್ಲಿಂದಲೇ ಬಂದಿದೆ. ಆಟದ ಹಾಸಿನ ಪ್ರತಿ ಮನೆಗೆ, ಅಂದರೆ ಚೌಕಕ್ಕೆ, 0ರಿಂದ 6ರವರೆಗೆ ಒಂದು ಎತ್ತರವಿದೆ. ನೀರು ಎಷ್ಟು ಇಳಿಯುತ್ತದೋ ಒತ್ತಡ ಅಷ್ಟು ಏರುತ್ತದೆ. ಒತ್ತಡ 3 ದಾಟಿದರೆ ಪಾಳಿ ಮುಗಿದಾಗ ಕೊಳವೆ ಒಡೆಯುತ್ತದೆ. ದಾರಿಯಲ್ಲಿ ಗಂಜ್ ಇದ್ದರೆ ಲೆಕ್ಕ ಮತ್ತೆ ಸೊನ್ನೆಯಿಂದ ಶುರು.

ಈ ಗಂಜ್ ಬೆಲೆ ಗೊತ್ತುಮಾಡುವುದೇ ಕಷ್ಟದ ಕೆಲಸ. ಪಾಳಿಗೆ 6 ಹೊನ್ನು ಬರುತ್ತದೆ, ಒಂದು ಮನೆ ಕೊಳವೆಗೆ 1 ಹೊನ್ನು. ಗಂಜ್‌ಗೆ 2 ಹೊನ್ನು ಇಟ್ಟರೆ ಆಡುವವರು ಯೋಚನೆಯೇ ಇಲ್ಲದೆ ಕಂಡಕಂಡಲ್ಲಿ ಕಟ್ಟುತ್ತಾರೆ. 8 ಇಟ್ಟರೆ ಮೊದಮೊದಲ ಪಾಳಿಗಳಲ್ಲಿ ದುಡ್ಡು ಕೂಡಿಸುತ್ತ ‘ಪಾಳಿ ಮುಗಿಸು’ ಗುಂಡಿ ಒತ್ತುವುದು ಬಿಟ್ಟು ಬೇರೆ ಕೆಲಸವಿರುವುದಿಲ್ಲ. ಈಗ 5ಕ್ಕೆ ನಿಲ್ಲಿಸಿದ್ದೇವೆ, ಜೊತೆಗೆ ಕೊಳವೆ ಕವಲೊಡೆಯುವುದು ಗಂಜ್ ಇದ್ದಲ್ಲಿ ಮಾತ್ರ. ಹಾಗಾಗಿ ಒಂದು ಗಂಜೋ ಐದು ಮನೆ ಕೊಳವೆಯೋ ಎಂಬ ಪ್ರಶ್ನೆ ಪ್ರತಿ ಪಾಳಿಯಲ್ಲೂ ಎದುರಾಗುತ್ತದೆ. ಎರಡಕ್ಕೂ ಮನಸ್ಸು ಎಳೆಯಬೇಕು, ಬೆಲೆ ಸರಿಯಾಗಿದೆ ಅನ್ನಲು ಅದೇ ಗುರುತು.

ಬೇಸಿಗೆಯ ಲೆಕ್ಕವನ್ನು ಕಾಗದದ ಮೇಲೇ ಮಾಡಿ ನೋಡಬೇಕು. ತೊರವಿಯ ಹರಿವು 8 ಕೊಡದಿಂದ 4ಕ್ಕೆ ಇಳಿಯುತ್ತದೆ, ನಾಲ್ಕು ಪಾಳಿಗೆ 16. ನೀರು ಕೂಡಿಡುವ ದೊಡ್ಡ ಬಾವಿಗಳಾದ ತಾಜ್ ಬಾವಡಿ, ಚಾಂದ್ ಬಾವಡಿ ಎರಡರಲ್ಲೂ ತಲಾ 6 ಕೊಡ ಹಿಡಿಸಿದರೆ ಇನ್ನೊಂದು 12 ಸೇರಿ ಒಟ್ಟು 28. ಪೇಟೆಯೊಂದು ಪಾಳಿಗೆ 2 ಕೊಡ ಕುಡಿದರೆ ನಾಲ್ಕು ಪೇಟೆಗೆ 32 ಬೇಕು. ಅಂದರೆ ಎಷ್ಟೇ ಜಾಣತನದಿಂದ ಆಡಿದರೂ ಗೆಲ್ಲಲು ದಾರಿಯಿಲ್ಲ. ಬಾವಡಿಗೆ 8 ಮಾಡಿದರೆ 32 ಸರಿಹೋಗುತ್ತದೆ, ಆದರೆ ಒಂದು ಕೊಡ ತಪ್ಪಿದರೂ ಸೋಲು. 9ಕ್ಕೆ ಏರಿಸಿದ ಮೇಲೆ 2 ಕೊಡದ ಸಡಿಲಿಕೆ ಸಿಕ್ಕಿದೆ.

ಆಟ ಇರುವುದು ಆಟ ಕಟ್ಟುವ ತಂತ್ರಾಂಶ ಗೊಡೊ 4.3ರಲ್ಲಿ. ಪರದೆ 640×360, ಒಂದು ಮನೆ 32 ಪಿಕ್ಸೆಲ್, ಹಾಸು 14×9. ಹಾಸಿನ ಪಾಲಿಗೆ 448 ಪಿಕ್ಸೆಲ್ ಅಗಲ ಹೋಗಿ ಬಲಕ್ಕೆ ಉಳಿಯುವ 192ರಲ್ಲಿ ಕನ್ನಡದ ಸೂಚನೆಗಳು ಕೂರುತ್ತವೆ.

ನೀರಿನ ಕೋಡ್‌ನಲ್ಲಿ ಅಡಗಿ ಕೂರುವ ಬಗ್ ಒಂದಿದೆ. ಮನೆಗಳನ್ನು ಎಡದಿಂದ ಬಲಕ್ಕೆ ಓದುತ್ತಲೇ ಅದೇ ಅರೇಯಲ್ಲಿ (ಮನೆಗಳ ಲೆಕ್ಕವಿರುವ ಪಟ್ಟಿಯಲ್ಲಿ) ನೀರು ಸರಿಸಿದರೆ, ಪೂರ್ವಕ್ಕೆ ಇಡೀ ಸಾಲು ಒಂದೇ ಹೆಜ್ಜೆಯಲ್ಲಿ ತುಂಬುತ್ತದೆ, ಪಶ್ಚಿಮಕ್ಕೆ ಒಂದೇ ಮನೆ ಹೋಗುತ್ತದೆ. ತೊರವಿ ಪಶ್ಚಿಮಕ್ಕಿದ್ದು ನೀರು ಹೆಚ್ಚಾಗಿ ಪೂರ್ವಕ್ಕೇ ಹರಿಯುವುದರಿಂದ ಎಲ್ಲ ಸರಿಯಿದ್ದಂತೆ ಕಾಣುತ್ತದೆ. ಕವಲೊಂದನ್ನು ಹಿಂದಕ್ಕೆ, ಪಶ್ಚಿಮಕ್ಕೆ ತಿರುಗಿಸಿದಾಗಲೇ ಬಣ್ಣ ಬಯಲು. ಹಳೆಯ ಅರೇ ಓದಿ ಹೊಸದರಲ್ಲಿ ಬರೆಯಬೇಕು. ಹೊಸದನ್ನು ಬರೀ ಸಮ ಚಿಹ್ನೆ ಹಾಕಿ ಮಾಡಿದರೆ ಎರಡು ಹೆಸರೂ ಅದೇ ಅರೇಗೆ ಹೋಗುತ್ತವೆ, ನಕಲು ಮಾಡಿಕೊಡುವ ‘ಡುಪ್ಲಿಕೇಟ್’ ಫಂಕ್ಷನ್ ಕರೆಯಲೇಬೇಕು.

ಕನ್ನಡದ ಅಕ್ಷರಗಳಿಗೆ ಮೂರು ಎಚ್ಚರಿಕೆ ಬೇಕು, ಇಂಗ್ಲಿಷ್ ಟ್ಯುಟೋರಿಯಲ್‌ಗಳಲ್ಲಿ ಇವು ಸಿಗುವುದು ಅಪರೂಪ. ಗೊಡೊ ಜೊತೆ ಬರುವ ಫಾಂಟಿನಲ್ಲಿ ಕನ್ನಡವಿಲ್ಲ. ನಮ್ಮ ಕಂಪ್ಯೂಟರಿನಲ್ಲಿ ಸಿಸ್ಟಮ್ ಫಾಂಟ್ ಕೈಹಿಡಿಯುವುದರಿಂದ ಅದು ಗೊತ್ತೇ ಆಗುವುದಿಲ್ಲ, ಬ್ರೌಸರಿನಲ್ಲಿ ಆಡುವ ವೆಬ್ ಬಿಲ್ಡ್ ಮಾಡಿದರೆ ಅಕ್ಷರದ ಬದಲು ಬರೀ ಡಬ್ಬಿಗಳು. ನೋಟೊ ಸ್ಯಾನ್ಸ್ ಕನ್ನಡವನ್ನು ಪ್ರಾಜೆಕ್ಟಿಗೇ ಸೇರಿಸಿ ಥೀಮಿನಲ್ಲಿ ಹಾಕಿದ್ದೇವೆ. ಆಟವನ್ನು ಪರದೆಯ ಅಳತೆಗೆ ಹಿಗ್ಗಿಸುವ ಸ್ಟ್ರೆಚ್ ಮೋಡ್ ‘ವ್ಯೂಪೋರ್ಟ್’ ಇದ್ದರೆ ಅಕ್ಷರವೂ 360 ಸಾಲಿನಲ್ಲೇ ಮೂಡಿ ಆಮೇಲೆ ಹಿಗ್ಗುತ್ತದೆ, ಒತ್ತಕ್ಷರ ಕಲಸಿಹೋಗುತ್ತದೆ. ‘ಕ್ಯಾನ್ವಾಸ್ ಐಟಮ್ಸ್’ ಮಾಡಿ ಟೆಕ್ಸ್ಚರ್ ಫಿಲ್ಟರ್ ‘ನಿಯರೆಸ್ಟ್’ ಇಟ್ಟರೆ ಚಿತ್ರ ಪಿಕ್ಸೆಲ್ ಆಗಿಯೇ ಉಳಿದು ಅಕ್ಷರ ನುಣುಪಾಗುತ್ತದೆ. ಇನ್ನು ಒಂದೊಂದೇ ಅಕ್ಷರ ಮೂಡಿಸುವ ಎಫೆಕ್ಟ್: ‘ಕ್ಷ’ ಬರುವ ಮುಂಚೆ ‘ಕ’, ಆಮೇಲೆ ‘ಕ್’ ಮಿನುಗಿ ಹೋಗುತ್ತವೆ. ಲೇಬಲ್‌ನ ವಿಸಿಬಲ್ ಕ್ಯಾರೆಕ್ಟರ್ಸ್ ಬಿಹೇವಿಯರ್ ಅನ್ನು ‘ಆಫ್ಟರ್ ಶೇಪಿಂಗ್’ಗೆ ಬದಲಿಸಿದರೆ ಇದು ನಿಲ್ಲುತ್ತದೆ.

ಧ್ವನಿ ಇನ್ನೂ ಮುಟ್ಟಿಲ್ಲ. ಕೊಳವೆ ಒಡೆದ ಸದ್ದೊಂದು ಇದ್ದೇ ತೀರಬೇಕು, ಉಳಿದದ್ದು ಹೊತ್ತು ಸಿಕ್ಕರೆ. ಯಾವ ಕೊಳವೆ 3ರ ಅಂಚಿನಲ್ಲಿದೆ ಎಂಬುದನ್ನು ಬಣ್ಣವೊಂದರಿಂದಲೇ ತೋರಿಸುತ್ತಿದ್ದೇವೆ, ಬಣ್ಣಗಳ ವ್ಯತ್ಯಾಸ ಕಾಣದವರಿಗೆ ಅದು ಸಾಲದು. ಮುಂದಿನ ಬಿಲ್ಡ್‌ನಲ್ಲಿ ಕೊಳವೆಯ ಮೇಲೇ ಒತ್ತಡದ ಅಂಕಿ ಬರುತ್ತದೆ.